ಔಷಧಿ ಚೀಟಿಯಲ್ಲಿನ ‘ಯು’

ಚೆಕ್ಕು ಬರೆಯುವಾತ ಮೊತ್ತವನ್ನು ಎರಡು ಸಲ ಬರೆಯಬೇಕು. ಒಮ್ಮೆ ಅಂಕಿಗಳಲ್ಲಿ, ಒಮ್ಮೆ ಅಕ್ಷರಗಳಲ್ಲಿ. ಅಕ್ಷರಗಳ ಕೊನೆಗೆ ‘ಮಾತ್ರ’ ಎಂದು ಸೇರಿಸುವುದು, ಅಂಕಿಗಳ ಬಲಕ್ಕೆ ಒಂದು ಓರೆಗೆರೆಯನ್ನೂ ಒಂದು ಅಡ್ಡಗೆರೆಯನ್ನೂ ಎಳೆಯುವುದು ತಲೆಮಾರುಗಳಿಂದ ಬಂದ ರೂಢಿ. ಯಾರ ಕೈಯೋ ಅಲ್ಲೊಂದು ಸೊನ್ನೆಯನ್ನು ತುರುಕದಿರಲಿ ಎಂಬುದೇ ಇದರ ಉದ್ದೇಶ. ಅಂಕಿಗೂ ಅಕ್ಷರಕ್ಕೂ ತಾಳೆಯಾಗದಿದ್ದರೆ ಅಕ್ಷರಗಳಲ್ಲಿ ಬರೆದುದೇ ಸಲ್ಲತಕ್ಕ ಮೊತ್ತವೆಂದು 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯಿದೆಯ 18ನೆಯ ಕಲಮು ಹೇಳುತ್ತದೆ. ನಾನೂರು ರೂಪಾಯಿಯ ವ್ಯವಹಾರಕ್ಕೂ ಇಷ್ಟೊಂದು ಬಂದೋಬಸ್ತು!

ವೈದ್ಯರ ಔಷಧಿ ಚೀಟಿಗೆ ಇಂಥ ಕಾವಲಿಲ್ಲ. ಅಲ್ಲಿ ಪ್ರಮಾಣವನ್ನು ಬರೆಯುವುದು ಒಂದೇ ಸಲ, ಅದೂ ಅಂಕಿಯಲ್ಲಿ, ಅದೂ ಬಹುಮಟ್ಟಿಗೆ ಅವಸರದಲ್ಲಿ. ಇನ್ಸುಲಿನ್ನಿನಂಥ ಮದ್ದಾದರೆ ಅಂಕಿಯ ಬೆನ್ನಿಗೆ ಇಂಗ್ಲಿಷಿನ ಒಂದಕ್ಷರ ಬರುತ್ತದೆ: ‘ಯು’. ಅದು ಯೂನಿಟ್ ಎಂಬ ಪದದ ಮೊದಲಕ್ಷರ; ಆಕಾರದಲ್ಲಿ ಬಾಯಿ ತೆರೆದ ಬಟ್ಟಲು. ಬರೆಯುವವರ ಲೇಖನಿ ತುಸು ಮುಂದೆ ಸರಿದು ಆ ಬಟ್ಟಲಿನ ಬಾಯಿ ಮುಚ್ಚಿತೆಂದರೆ ಅದು ಅಕ್ಷರವಾಗಿ ಉಳಿಯುವುದಿಲ್ಲ, ಸೊನ್ನೆಯಾಗುತ್ತದೆ. ನಾಲ್ಕು ಯೂನಿಟ್ ನಲವತ್ತಾಗುತ್ತದೆ, ಆರು ಅರವತ್ತಾಗುತ್ತದೆ. ಬಟ್ಟಲಿನ ಒಂದು ಬದಿಗೆ ಬಾಲ ಬೆಳೆದರೆ ಅದೇ ಅಕ್ಷರ ಇಂಗ್ಲಿಷ್ ನಾಲ್ಕರ ಅಂಕಿಯಂತೆ ಕಂಡು, ನಾಲ್ಕು ಯೂನಿಟ್ ನಲವತ್ತನಾಲ್ಕೆಂದು ಓದಿಸಿಕೊಳ್ಳುವ ಅಪಾಯವನ್ನೂ ಔಷಧ ಸುರಕ್ಷತೆಯ ತಜ್ಞರು ಗುರುತಿಸಿದ್ದಾರೆ. ಚೆಕ್ಕಿಗೆ ಸೊನ್ನೆ ಸೇರಿಸಲು ಒಬ್ಬ ಮೋಸಗಾರ ಬೇಕು. ಇಲ್ಲಿ ಯಾರೂ ಬೇಕಿಲ್ಲ.

ಹಾಗೆ ನೋಡಿದರೆ ಈ ಒಂದಕ್ಷರಕ್ಕೆ ವೈದ್ಯಶಾಸ್ತ್ರದಲ್ಲಿರುವ ಅರ್ಥಗಳು ಒಂದೆರಡಲ್ಲ. ಹೃದಯದ ವಿದ್ಯುತ್ ಚಟುವಟಿಕೆಯನ್ನು ಕಾಗದದ ಮೇಲೆ ಮೂಡಿಸುವ ಇ.ಸಿ.ಜಿ. ಯಂತ್ರದ ಗೆರೆಯಲ್ಲಿ ಏರಿಳಿಯುವ ಅಲೆಗಳಿಗೆ ನೆದರ್ಲೆಂಡ್ಸಿನ ವಿಲ್ಲೆಮ್ ಐಂಥೋವೆನ್ ಪಿ, ಕ್ಯೂ, ಆರ್, ಎಸ್, ಟಿ ಎಂದು ಅನುಕ್ರಮವಾಗಿ ಹೆಸರಿಟ್ಟನು. ಕೊನೆಯಲ್ಲಿ ಕೆಲವೊಮ್ಮೆ ಮಾತ್ರ ಕಾಣಿಸಿಕೊಳ್ಳುವ ಸಣ್ಣ ಉಬ್ಬಿಗೆ ಸರದಿಯ ಮುಂದಿನ ಅಕ್ಷರವಾದ ಯು ದೊರೆಯಿತು. ರಕ್ತದಲ್ಲಿ ಪೊಟ್ಯಾಸಿಯಂ ಕಡಿಮೆಯಾದಾಗ ಈ ಉಬ್ಬು ಎದ್ದು ಕಾಣುವುದುಂಟು. ಐಂಥೋವೆನ್‌ಗೆ 1924ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. ಪ್ರಯೋಗಶಾಲೆಯ ಚೀಟಿಯಲ್ಲಿ ಅದೇ ಅಕ್ಷರ ಯೂರಿಯ, ಜೀವಕೋಶದ ಆರ್.ಎನ್.ಎ. ಎಂಬ ಸರಪಣಿಯನ್ನು ಓದುವವರಿಗೆ ಯುರಾಸಿಲ್. ತೋಳಿನ ಮೂಳೆ ಮುರಿದಾಗ ಮೊಣಕೈಯನ್ನು ಬಳಸಿ ಕಟ್ಟುವ ಪ್ಲಾಸ್ಟರಿಗೆ ಅದರ ಆಕಾರವೇ ಹೆಸರು. 2020ರಲ್ಲಿ ಕೋವಿಡ್ ಬಂದಾಗ ವಿಶ್ವ ಆರೋಗ್ಯ ಸಂಸ್ಥೆ ಆ ಹೊಸ ರೋಗಕ್ಕೆ ತನ್ನ ರೋಗಗಳ ಪಟ್ಟಿಯಲ್ಲಿ ಕೊಟ್ಟ ಸಂಕೇತವೂ ಇದೇ ಅಕ್ಷರದಿಂದ ಪ್ರಾರಂಭವಾಗುವ ಯು 07.1.

ಯು ಜೀವಸತ್ವವೆಂಬುದೊಂದು ಕೂಡ ಕೆಲಕಾಲ ಪ್ರಚಾರದಲ್ಲಿತ್ತು. ಎಲೆಕೋಸಿನ ಹಸಿ ರಸ ಕುಡಿದರೆ ಹೊಟ್ಟೆಯ ಹುಣ್ಣು ಬೇಗ ಮಾಯುತ್ತದೆಂದು ಅಮೆರಿಕದ ವೈದ್ಯ ಗಾರ್ನೆಟ್ ಚೇನಿ 1950ರ ಸುಮಾರಿಗೆ ಪ್ರತಿಪಾದಿಸಿದ್ದ. ಹುಣ್ಣೆಂಬ ಅರ್ಥದ ಲ್ಯಾಟಿನ್ ಪದದ ಮೊದಲಕ್ಷರ ಆ ಕಲ್ಪಿತ ಜೀವಸತ್ವದ ಹೆಸರಾಯಿತು. ಜೀವಸತ್ವಗಳ ಪಂಕ್ತಿಯಲ್ಲಿ ಅದಕ್ಕೆ ಸ್ಥಾನ ದೊರೆಯಲಿಲ್ಲ. ಅಂಥ ಹುಣ್ಣುಗಳ ಪೈಕಿ ಬಹುಪಾಲಿಗೆ ಒಂದು ಬ್ಯಾಕ್ಟೀರಿಯವೇ ಕಾರಣವೆಂದು ಆಸ್ಟ್ರೇಲಿಯದ ಬ್ಯಾರಿ ಮಾರ್ಷಲ್ ಮತ್ತು ರಾಬಿನ್ ವಾರನ್ ತೋರಿಸಿಕೊಟ್ಟ ಮೇಲೆ ಎಲೆಕೋಸು ತನ್ನ ಪಲ್ಯದ ಬಾಣಲೆಗೆ ಮರಳಿತೆನ್ನಬಹುದು.

ಇಷ್ಟೆಲ್ಲ ಅರ್ಥಗಳಿದ್ದರೂ ಇವುಗಳಿಂದ ಯಾರಿಗೂ ಕೇಡಿಲ್ಲ. ಹೃದಯದ ಗೆರೆಯನ್ನು ನೋಡುವವರು ಅದನ್ನು ಯೂರಿಯವೆಂದು ತಿಳಿಯುವುದಿಲ್ಲ. ಯೂರಿಯದ ಚೀಟಿ ಕೈಗೆ ಬಂದವರು ಪ್ಲಾಸ್ಟರು ಕಲಸಲು ಹೊರಡುವುದಿಲ್ಲ. ಅಕ್ಷರ ಇರುವ ಜಾಗವೇ ಅದರ ಅರ್ಥವನ್ನು ಹೇಳಿಬಿಡುತ್ತದೆ. ಅದು ಒಂದು ಅಂಕಿಯ ಮಗ್ಗುಲಿಗೆ ಬಂದು ಕುಳಿತಾಗಲೇ ತೊಂದರೆ.

ಮೊಲದಿಂದ ಬಂದ ಅಳತೆ

ಯೂನಿಟ್ ಎಂದರೆ ಗೃಹಸ್ಥರ ನೆನಪಿಗೆ ಮೊದಲು ಬರುವುದು ವಿದ್ಯುತ್ ಬಿಲ್ಲು. ಅಲ್ಲಿ ಅದರ ಅರ್ಥ ಒಂದೇ. ಮುಂಬಯಿಯಲ್ಲಾಗಲಿ ಮಂಗಳೂರಿನಲ್ಲಾಗಲಿ ಒಂದು ಯೂನಿಟ್ಟೆಂದರೆ ಒಂದು ಕಿಲೋವ್ಯಾಟ್ ಗಂಟೆ. ಔಷಧದ ಯೂನಿಟ್ ಹಾಗಲ್ಲ. ಅದರ ಹುಟ್ಟನ್ನು ತಿಳಿಯಬೇಕಾದರೆ ಇನ್ಸುಲಿನ್ನಿನ ಮೊದಲ ದಿನಗಳಿಗೆ ಹೋಗಬೇಕು.

1921ರ ಬೇಸಗೆಯಲ್ಲಿ ಕೆನಡದ ಟೊರಾಂಟೋ ವಿಶ್ವವಿದ್ಯಾಲಯದಲ್ಲಿ, ಪ್ರೊಫೆಸರ್ ಮೆಕ್ಲಿಯಡ್ ಅವರ ಪ್ರಯೋಗಶಾಲೆಯಲ್ಲಿ, ಫ್ರೆಡರಿಕ್ ಬ್ಯಾಂಟಿಂಗ್ ಮತ್ತು ಚಾರ್ಲ್ಸ್ ಬೆಸ್ಟ್ ನಾಯಿಗಳ ಮೇದೋಜೀರಕ ಗ್ರಂಥಿಯಿಂದ ಸಕ್ಕರೆಯನ್ನು ಇಳಿಸುವ ಸಾರವೊಂದನ್ನು ತೆಗೆದರು. 1922ರ ಜನವರಿ 11ರಂದು, ಸಕ್ಕರೆ ಕಾಯಿಲೆಯಿಂದ ಸಾವಿನ ಅಂಚಿಗೆ ಬಂದಿದ್ದ ಲಿಯೊನಾರ್ಡ್ ಥಾಮ್ಸನ್ ಎಂಬ 14 ವರ್ಷದ ಹುಡುಗನಿಗೆ ದನದ ಗ್ರಂಥಿಯಿಂದ ತೆಗೆದ ಸಾರದ ಇಂಜೆಕ್ಷನ್ ಕೊಡಲಾಯಿತು. ಫಲ ಅಷ್ಟಕ್ಕಷ್ಟೆ. ಜೇಮ್ಸ್ ಕಾಲಿಪ್ ಹಗಲಿರುಳು ದುಡಿದು ಆ ಸಾರವನ್ನು ಶುದ್ಧಗೊಳಿಸಿದ ಮೇಲೆ, ಜನವರಿ 23ರಿಂದ ಕೊಟ್ಟ ಇಂಜೆಕ್ಷನ್ನುಗಳು ಹುಡುಗನನ್ನು ಬದುಕಿಸಿದವು. ಮರುವರ್ಷವೇ ಬ್ಯಾಂಟಿಂಗ್ ಮತ್ತು ಮೆಕ್ಲಿಯಡ್ ಅವರಿಗೆ ನೊಬೆಲ್ ಬಂದಿತು.

ಆದರೆ ಎಷ್ಟು ಕೊಡಬೇಕೆಂಬುದು ಬಹು ದೊಡ್ಡ ಪ್ರಶ್ನೆಯಾಗಿತ್ತು. ಇಂದು ತಯಾರಾದ ಸಾರದಂತೆ ನಾಳೆಯದು ಇರುತ್ತಿರಲಿಲ್ಲ. ಒಂದೇ ತೂಕದ ಪುಡಿಯಲ್ಲಿ ಒಮ್ಮೆ ಸತ್ತ್ವ ಹೆಚ್ಚು, ಒಮ್ಮೆ ಕಸ ಹೆಚ್ಚು. ತೂಕದಿಂದ ಅಳೆಯುವುದು ಅಸಾಧ್ಯವಾದುದರಿಂದ ಮದ್ದು ಮಾಡುವ ಕೆಲಸದಿಂದಲೇ ಅದನ್ನು ಅಳೆದರು. ಉಪವಾಸವಿಟ್ಟ ಮೊಲದ ರಕ್ತದ ಸಕ್ಕರೆಯನ್ನು, ಅದಕ್ಕೆ ಸೆಳವು ಬರುವ ಮಟ್ಟದವರೆಗೆ ಇಳಿಸಲು ಬೇಕಾಗುವ ಸಾರವೆಷ್ಟೋ ಅಷ್ಟನ್ನು ಆಧಾರವಾಗಿಟ್ಟುಕೊಂಡು ಯೂನಿಟ್ ಹುಟ್ಟಿತು. ದೇಶ ದೇಶದ ಮೊಲಗಳಿಗೆ ಒಂದೇ ಸ್ವಭಾವವಿಲ್ಲವಷ್ಟೆ! ಆದುದರಿಂದ 1925ರಲ್ಲಿ ಜಿನೀವಾದಲ್ಲಿ ಸೇರಿದ ತಜ್ಞರ ಸಮ್ಮೇಳನವು ಒಂದು ಒಣಪುಡಿಯನ್ನು ಜಗತ್ತಿಗೆಲ್ಲ ಪ್ರಮಾಣವೆಂದು ಗೊತ್ತುಮಾಡಿ, ಅದರ ಒಂದು ಮಿಲಿಗ್ರಾಮಿನ ಎಂಟನೆಯ ಒಂದು ಭಾಗವೇ ಒಂದು ಯೂನಿಟ್ ಎಂದಿತು. ಇಂದು ಮಾನವ ಇನ್ಸುಲಿನ್ ಅತ್ಯಂತ ಶುದ್ಧವಾಗಿ ದೊರೆಯುತ್ತದೆ. ಒಂದು ಯೂನಿಟ್ ಎಂದರೆ 0.0347 ಮಿಲಿಗ್ರಾಂ ಎಂದು ತೂಕದಲ್ಲೇ ಹೇಳಬಹುದು. ಮೊಲ ಹೋಯಿತು, ಯೂನಿಟ್ ಉಳಿಯಿತು.

ಬೇರೆ ಮದ್ದುಗಳ ಯೂನಿಟ್ಟಿಗೂ ಇದಕ್ಕೂ ಸಂಬಂಧವಿಲ್ಲ. ಪೆನಿಸಿಲಿನ್ನಿನ ಒಂದು ಯೂನಿಟ್ ಎಂದರೆ 0.6 ಮೈಕ್ರೋಗ್ರಾಂ, ಲಕ್ಷಗಟ್ಟಲೆ ಯೂನಿಟ್ ಕೊಟ್ಟರೂ ತೂಕ ಅಲ್ಪವೇ. ಡಿ ಜೀವಸತ್ವದ ಯೂನಿಟ್ ಇನ್ನೂ ಸಣ್ಣದು: ನಲವತ್ತು ಸೇರಿದರೆ ಒಂದು ಮೈಕ್ರೋಗ್ರಾಂ. ವಾರಕ್ಕೊಂದರಂತೆ ತೆಗೆದುಕೊಳ್ಳಲು ವೈದ್ಯರು ಹೇಳುವ 60,000 ಯೂನಿಟ್ಟಿನ ಪುಡಿಯಲ್ಲಿ ನಿಜವಾದ ಜೀವಸತ್ವ ಒಂದೂವರೆ ಮಿಲಿಗ್ರಾಂ ಮಾತ್ರ. (ಅದನ್ನು ದಿನಕ್ಕೊಂದರಂತೆ ತಿಂಗಳುಗಟ್ಟಲೆ ಸೇವಿಸಿ, ರಕ್ತದಲ್ಲಿ ಕ್ಯಾಲ್ಸಿಯಂ ಏರಿ ಆಸ್ಪತ್ರೆ ಸೇರುವವರೂ ಇದ್ದಾರೆ.) ರಕ್ತನಿಧಿಯಲ್ಲಿ ಒಂದು ಯೂನಿಟ್ ಎಂದರೆ ಒಂದು ಚೀಲ, ಭಾರತದಲ್ಲಿ ದಾನಿಯಿಂದ ತೆಗೆಯುವ ರಕ್ತ 350 ಮಿಲಿಲೀಟರ್ ಆಗಿರಬಹುದು, 450 ಆಗಿರಬಹುದು. ರೂಪಾಯಿ, ಡಾಲರ್, ಯೆನ್ನುಗಳನ್ನು ಒಂದೇ ಅಂಕಣದಲ್ಲಿ ಬರೆದು ಕೂಡಿದಂತೆಯೇ ಸರಿ, ಇವುಗಳನ್ನೆಲ್ಲ ಒಂದೇ ಯು ಅಕ್ಷರದಿಂದ ಸೂಚಿಸುವುದು. ಅಂತರರಾಷ್ಟ್ರೀಯ ಯೂನಿಟ್ ಎಂಬರ್ಥದಲ್ಲಿ ಅದರ ಹಿಂದೆ ‘ಐ’ ಸೇರಿಸಿದರೂ ಸಮಸ್ಯೆ ಪರಿಹಾರವಾಗಲಿಲ್ಲ. ಇಂಗ್ಲಿಷಿನ ಐ ಒಂದರಂತೆ, ಯು ಸೊನ್ನೆಯಂತೆ ಕಂಡು ಎರಡೂ ಸೇರಿ ಹತ್ತಾಗುತ್ತವೆ. ಇಲ್ಲವೆ ಯು ಕೆಳಗೆ ಚೂಪಾಗಿ ‘ವಿ’ ಆಗಿ, ರಕ್ತನಾಳಕ್ಕೆ ಕೊಡತಕ್ಕದ್ದೆಂಬ ಬೇರೊಂದು ಸಂಕ್ಷೇಪವಾಗಿಬಿಡುತ್ತದೆ.

ಎಡಕ್ಕೊಂದು ಅರ್ಥ, ಬಲಕ್ಕೊಂದು ಅರ್ಥ

ಇನ್ಸುಲಿನ್ನಿನ ವಿಷಯದಲ್ಲಿ ಇನ್ನೊಂದು ತೊಡಕಿದೆ. ಮನೆಮಂದಿಯನ್ನು ಹೆಚ್ಚು ಕಾಡುವುದು ಇದೇ. ಯು ಅಕ್ಷರ ಅಂಕಿಯ ಬಲಕ್ಕಿದ್ದರೆ ಅದು ರೋಗಿಗೆ ಕೊಡಬೇಕಾದ ಪ್ರಮಾಣ. ಅಂಕಿಯ ಎಡಕ್ಕಿದ್ದರೆ ಅದು ಬುಡ್ಡಿಯೊಳಗಿನ ಮದ್ದಿನ ಸಾಂದ್ರತೆ. ಯು-40 ಎಂದರೆ ಒಂದು ಮಿಲಿಲೀಟರಿನಲ್ಲಿ 40 ಯೂನಿಟ್, ಯು-100 ಎಂದರೆ ಅಷ್ಟೇ ದ್ರವದಲ್ಲಿ 100 ಯೂನಿಟ್. ಒಂದು ಕಾಲಕ್ಕೆ ಯು-20, ಯು-80ಗಳೂ ಇದ್ದವು. ಗೊಂದಲ ಸಾಕೆಂದು ಅಮೆರಿಕ 1970ರ ದಶಕದಲ್ಲಿ ಯು-100ರ ಕಡೆಗೆ ಹೊರಳಿತು. ಬ್ರಿಟನ್ 1983ರಲ್ಲಿ ಅದೇ ದಾರಿ ಹಿಡಿಯಿತು. ಭಾರತದಲ್ಲಿ ಇಂದಿಗೂ ಎರಡೂ ಇವೆ. ಸಾಮಾನ್ಯವಾಗಿ ಕಡಿಮೆ ಬೆಲೆಯ ಬುಡ್ಡಿಗಳು 40ರವು. ಪೆನ್ನಿನಲ್ಲಿ ಹಾಕುವ ಕಾರ್ಟ್ರಿಜ್ಜುಗಳೂ ಕೆಲವು ಹೊಸ ಬಗೆಯ ಬುಡ್ಡಿಗಳೂ 100ರವು. ಒಂದೊಂದಕ್ಕೂ ಅದರದೇ ಸಿರಿಂಜು: ಯು-40ರದಕ್ಕೆ ಕೆಂಪು ಟೊಪ್ಪಿಗೆ, ಯು-100ರದಕ್ಕೆ ಕಿತ್ತಳೆ ಬಣ್ಣದ ಟೊಪ್ಪಿಗೆ. ಮಬ್ಬು ದೀಪದಲ್ಲಿ, ಪೊರೆ ಬಂದ ಕಣ್ಣಿಗೆ, ಕೆಂಪಿಗೂ ಕಿತ್ತಳೆಗೂ ಅಂತರವೆಷ್ಟು?

ಗದಗಿನಿಂದ ಮಗನ ಮನೆಗೆಂದು ಡೊಂಬಿವಲಿಗೆ ಬಂದ ವೃದ್ಧರೊಬ್ಬರನ್ನು ಕಲ್ಪಿಸಿಕೊಳ್ಳಬಹುದು. ಹೊರನಾಡಿನ ಕನ್ನಡಿಗರ ಮನೆಗಳಿಗೆ ಇದೇನೂ ಅಪರಿಚಿತ ಚಿತ್ರವಲ್ಲ. ಒದ್ದೆ ಬಟ್ಟೆ ಸುತ್ತಿದ ಬುಡ್ಡಿ ರಾತ್ರಿಯ ಗಾಡಿಯ ಪ್ರಯಾಣ ಮುಗಿಸಿ ಮನೆಯ ಫ್ರಿಜ್ಜು ಸೇರಿದೆ. ನಾಲ್ಕು ದಿನಕ್ಕೆ ಸಿರಿಂಜು ಮುಗಿಯಿತು. ಸೊಸೆ ಬೀದಿಯ ಅಂಗಡಿಗೆ ಹೋಗಿ ‘ಇನ್ಸುಲಿನ್ ಸಿರಿಂಜು’ ಎಂದು ಕೇಳುತ್ತಾಳೆ; ಅಂಗಡಿಯಾತ ಕೈಗೆ ಸಿಕ್ಕಿದ್ದನ್ನು ಕೊಡುತ್ತಾನೆ. ಅದು ಕಿತ್ತಳೆ ಟೊಪ್ಪಿಗೆಯದು.

‘ಮಾವಾರ, ದಿನಾ ಎಷ್ಟ್ ಹಾಕ್ಕೋತಿದ್ರಿ?’

‘ಇಪ್ಪತ್ತರ ಗೆರೀ ತನಕ ಎಳೀಬೇಕವ್ವಾ, ಅಷ್ಟ.’

ಪ್ರಶ್ನೆ ಸರಿಯಾಗಿದೆ, ಉತ್ತರವೂ ಸರಿಯಾಗಿದೆ, ಸೊಸೆ ಎಳೆದದ್ದೂ ಇಪ್ಪತ್ತರ ಗೆರೆಯ ತನಕವೇ. ಕೆಂಪು ಟೊಪ್ಪಿಗೆಯ ಸಿರಿಂಜಿನಲ್ಲಿ ಇಪ್ಪತ್ತರ ಗೆರೆಯೆಂದರೆ ಅರ್ಧ ಮಿಲಿಲೀಟರ್. ಕಿತ್ತಳೆಯದರಲ್ಲಿ ಅದು ಮಿಲಿಲೀಟರಿನ ಐದನೆಯ ಒಂದು ಭಾಗ. 40ರ ಬುಡ್ಡಿಯಿಂದ ಅಷ್ಟನ್ನು ತೆಗೆದರೆ ದೇಹಕ್ಕೆ ಸಂದದ್ದು ಇಪ್ಪತ್ತಲ್ಲ, ಎಂಟು ಯೂನಿಟ್. ದಿನ ಕಳೆದಂತೆ ಸಕ್ಕರೆ ಏರುತ್ತದೆ. ಬಾಯಾರಿಕೆ, ರಾತ್ರಿಯಿಡೀ ಮೂತ್ರ, ಸುಸ್ತು. ಮಗಳ ಮನೆಯ ಹೋಳಿಗೆಯ ಮೇಲೂ ಇಲ್ಲಿಯ ಹವೆಯ ಮೇಲೂ ಗೂಬೆ ಕೂರಿಸಲಾಗುತ್ತದೆ. ಸ್ಥಳೀಯ ವೈದ್ಯರು ರಕ್ತ ಪರೀಕ್ಷಿಸಿ, ಪ್ರಮಾಣ ಸಾಲದೆಂದು ಹಂತಹಂತವಾಗಿ ಏರಿಸಿ 36 ಯೂನಿಟ್ಟಿಗೆ ತರುತ್ತಾರೆ. ಅವರ ಲೆಕ್ಕದಲ್ಲಿ ತಪ್ಪಿಲ್ಲ. ಸಿರಿಂಜಿನ ಟೊಪ್ಪಿಗೆಯನ್ನು ಅವರಿಗೆ ತೋರಿಸಿದವರಿಲ್ಲ. ವಾಸ್ತವವಾಗಿ ವೃದ್ಧರಿಗೆ ಸಲ್ಲುತ್ತಿರುವುದು ಹದಿನಾಲ್ಕು ಯೂನಿಟ್ಟಿಗಿಂತ ತುಸು ಹೆಚ್ಚು.

ನಿಜವಾದ ಅಪಾಯ ಇಲ್ಲಿಂದ ಮುಂದೆ. ಎರಡು ತಿಂಗಳಾದ ಮೇಲೆ ಅವರು ಊರಿಗೆ ಮರಳುತ್ತಾರೆ. ಪರಿಚಯದ ಅಂಗಡಿಯಲ್ಲಿ ಹಳೆಯ ಕೆಂಪು ಟೊಪ್ಪಿಗೆಯ ಸಿರಿಂಜು ದೊರೆಯುತ್ತದೆ. ಕೈಯಲ್ಲಿ ಹೊಸ ಚೀಟಿಯಿದೆ. ಅದರಂತೆ 36ರ ಗೆರೆಯ ತನಕ ಎಳೆದರೆ ಈ ಸಲ 36 ಯೂನಿಟ್ಟೂ ಪೂರ್ತಿಯಾಗಿ ದೇಹಕ್ಕೆ ಇಳಿಯುತ್ತವೆ. ಹಿಂದಿನ ದಿನದ ಎರಡೂವರೆ ಪಟ್ಟು! ಅಂದು ರಾತ್ರಿ ಊಟ ತುಸು ಕಡಿಮೆಯಾಗಿದ್ದರಂತೂ ಬೆಳಗಿನ ಜಾವಕ್ಕೆ ಅವರನ್ನು ಎಬ್ಬಿಸುವುದು ಕಷ್ಟವಾಗಬಹುದು. ಇದೇ ಎರಡೂವರೆ ಪಟ್ಟಿನ ತಪ್ಪು ಬೇರೆ ದಾರಿಯಿಂದಲೂ ಬರುತ್ತದೆ. ಪೆನ್ನು ಕೆಟ್ಟಿತೆಂದು ಅದರ ಕಾರ್ಟ್ರಿಜ್ಜಿನಿಂದ ಕೆಂಪು ಟೊಪ್ಪಿಗೆಯ ಸಿರಿಂಜಿಗೆ ಮದ್ದು ಎಳೆಯುವವರಿದ್ದಾರೆ. ಅಲ್ಲಿ ಇಪ್ಪತ್ತರ ಗೆರೆಯೆಂದರೆ ಐವತ್ತು ಯೂನಿಟ್.

ರಕ್ತದ ಸಕ್ಕರೆ ಡೆಸಿಲೀಟರಿಗೆ 70 ಮಿಲಿಗ್ರಾಮಿಗಿಂತ ಕೆಳಗಿಳಿದರೆ ಅದನ್ನು ಅಪಾಯದ ಸೂಚನೆಯೆಂದು ತಿಳಿಯಬೇಕು. ತಣ್ಣನೆಯ ಬೆವರು, ಕೈನಡುಕ, ಎದೆಬಡಿತ, ತಡೆಯಲಾರದ ಹಸಿವು ಮೊದಲ ಲಕ್ಷಣಗಳು. ಮಾತು ತೊದಲುವುದು, ಸಿಟ್ಟು, ಗೊತ್ತಿದ್ದವರನ್ನೇ ಗುರುತಿಸದಿರುವುದು ಆಮೇಲಿನವು. ವಯಸ್ಸಾದವರಲ್ಲಿ ಮೊದಲಿನವು ಕಾಣಿಸದೆ ನೇರವಾಗಿ ಎರಡನೆಯವೇ ಬರುವುದುಂಟು. ಮನೆಯವರು ಅದನ್ನು ಅರಳುಮರಳೆಂದು ತಳ್ಳಿಹಾಕುತ್ತಾರೆ. ಎಚ್ಚರವಿದ್ದು ನುಂಗಬಲ್ಲವರಾದರೆ ಮೂರು ಟೀ ಚಮಚ ಸಕ್ಕರೆಯನ್ನು ನೀರಿನಲ್ಲಿ ಕದಡಿ ಕುಡಿಸಬೇಕು. ಹದಿನೈದು ನಿಮಿಷ ಬಿಟ್ಟು ಮತ್ತೆ ಪರೀಕ್ಷಿಸಿ, ಏರದಿದ್ದರೆ ಇನ್ನೊಮ್ಮೆ ಕೊಡಬೇಕು. ಚೇತರಿಸಿಕೊಂಡ ಮೇಲೆ ಏನಾದರೂ ಉಣ್ಣಿಸಬೇಕು. ಪ್ರಜ್ಞೆ ತಪ್ಪಿದ್ದರೆ ಬಾಯಿಗೆ ಏನನ್ನೂ ಹಾಕದೆ, ಒಂದು ಮಗ್ಗುಲಿಗೆ ಮಲಗಿಸಿ, ಕೂಡಲೇ ಆಸ್ಪತ್ರೆಗೆ ಸಾಗಿಸತಕ್ಕದ್ದು.

ಮೂರಕ್ಷರದ ಉಳಿತಾಯ

ಇಂಗ್ಲಿಷಿನಲ್ಲಿ ಯೂನಿಟ್ ಎಂದು ಪೂರ್ತಿ ಬರೆಯಲು ನಾಲ್ಕು ಅಕ್ಷರಗಳು ಬೇಕು. ಯು ಎಂದು ಬಿಟ್ಟುಬಿಟ್ಟರೆ ಮೂರು ಅಕ್ಷರಗಳ ಉಳಿತಾಯ. ಇಷ್ಟು ಕಡಿಮೆ ಉಳಿತಾಯಕ್ಕೆ ಇಷ್ಟು ದೊಡ್ಡ ಜವಾಬ್ದಾರಿಯನ್ನು ಹೊರುವ ವ್ಯವಹಾರ ಬೇರೆಲ್ಲಿಯೂ ನಡೆಯಲಾರದು. ಅಮೆರಿಕದಲ್ಲಿ ಆಸ್ಪತ್ರೆಗಳಿಗೆ ಮಾನ್ಯತೆ ಕೊಡುವ ಜಾಯಿಂಟ್ ಕಮಿಷನ್ ಎಂಬ ಸಂಸ್ಥೆ 2004ರಲ್ಲಿ, ಬಳಸಲೇಬಾರದ ಸಂಕ್ಷೇಪಗಳ ಪಟ್ಟಿಯೊಂದನ್ನು ಜಾರಿಗೆ ತಂದಿತು. ಅದರಲ್ಲಿ ಮೊದಲ ಸ್ಥಾನ ಯು ಅಕ್ಷರಕ್ಕೆ, ಅದರ ಬೆನ್ನಿಗೇ ಐ.ಯು. ಜೋಡಿಗೆ. ಯೂನಿಟ್ ಎಂದೇ ಬರೆಯಬೇಕೆಂಬುದು ನಿಯಮ. ಪೂರ್ಣಾಂಕದ ಮುಂದೆ ದಶಮಾಂಶ ಬಿಂದುವನ್ನೂ ಸೊನ್ನೆಯನ್ನೂ ಬರೆಯಕೂಡದು, ಒಂದಕ್ಕಿಂತ ಕಡಿಮೆಯಾದ ಪ್ರಮಾಣದಲ್ಲಿ ಬಿಂದುವಿನ ಎಡಕ್ಕೆ ಸೊನ್ನೆಯನ್ನು ಬಿಡಕೂಡದು ಎಂಬುದೂ ಅದೇ ಪಟ್ಟಿಯಲ್ಲಿದೆ. ಬಿಂದು ಮಾಸಿದರೆ 1.0 ಹತ್ತಾಗುತ್ತದೆ, .5 ಐದಾಗುತ್ತದೆ, ಲೆಕ್ಕಪತ್ರ ಬರೆದವರಿಗೆ ಇದನ್ನು ವಿವರಿಸಬೇಕಾಗಿಲ್ಲ.

ಭಾರತದಲ್ಲಿ ಅಂದಿನ ವೈದ್ಯಕೀಯ ಪರಿಷತ್ತು 2016ರಲ್ಲಿ ತನ್ನ ನಿಯಮಗಳನ್ನು ತಿದ್ದಿ, ಔಷಧಗಳನ್ನು ಅವುಗಳ ಮೂಲ ಹೆಸರಿನಿಂದ, ಸ್ಪಷ್ಟವಾಗಿ, ಆದಷ್ಟು ಮಟ್ಟಿಗೆ ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿ ಬರೆಯಬೇಕೆಂದಿತು. ಓದಲು ಬರುವಂಥ ಚೀಟಿ ಪಡೆಯುವುದು ರೋಗಿಯ ಮೂಲಭೂತ ಹಕ್ಕಿನ ಭಾಗವೆಂದು ಪಂಜಾಬ್ ಮತ್ತು ಹರಿಯಾಣ ಉಚ್ಚ ನ್ಯಾಯಾಲಯ 2025ರಲ್ಲಿ ಹೇಳಿತು. ಒಳ್ಳೆಯದೇ. ಆದರೆ ದೊಡ್ಡಕ್ಷರದ ಯು ಕೂಡ ಬಟ್ಟಲೇ ಅಲ್ಲವೆ? ಬರೆಹ ಅಂದವಾಗಿದ್ದರೂ ಸಂಕ್ಷೇಪ ಸಂಕ್ಷೇಪವೇ. ದೊಡ್ಡ ಆಸ್ಪತ್ರೆಗಳಲ್ಲಿ ಈಗ ಚೀಟಿಯನ್ನು ಗಣಕಯಂತ್ರವೇ ಮುದ್ರಿಸುವುದರಿಂದ ಈ ತೊಂದರೆ ತಗ್ಗಿದೆ. ಆದರೆ ಸಿರಿಂಜಿನ ಟೊಪ್ಪಿಗೆಯ ಬಣ್ಣವನ್ನು ಆ ಯಂತ್ರ ನೋಡಲಾರದು.

ಆದುದರಿಂದ ಇನ್ಸುಲಿನ್ ಚುಚ್ಚಿಕೊಳ್ಳುವವರಿರುವ ಮನೆಯಲ್ಲಿ ಒಂದು ಸಣ್ಣ ನೋಟು ಪುಸ್ತಕವಿರುವುದು ಲೇಸು. ವೈದ್ಯರ ಎದುರಿಗೇ ಕೇಳಿ, ‘ಬೆಳಿಗ್ಗೆ ತಿಂಡಿಗೆ ಮುಂಚೆ ಎಂಟು ಯೂನಿಟ್’ ಎಂದು ಅಕ್ಷರಗಳಲ್ಲಿ, ಕನ್ನಡದಲ್ಲಿ, ಬರೆದುಕೊಳ್ಳಬಹುದು. ಕನ್ನಡದ ಎಂಟು ಎಂಬ ಪದ ಎಷ್ಟೇ ಅವಸರದಲ್ಲಿ ಗೀಚಿದರೂ ಎಂಬತ್ತಾಗುವುದಿಲ್ಲ. ಚೆಕ್ಕಿನಲ್ಲಿ ಅಕ್ಷರಗಳಿಗೆ ಅಗ್ರಸ್ಥಾನವಿರುವುದೂ ಇದೇ ಕಾರಣಕ್ಕೆ. ಅದರ ಕೆಳಗೆ ಬುಡ್ಡಿಯ ಮೇಲಿನ ಪೂರ್ಣ ಹೆಸರು, 40ರದೋ 100ರದೋ ಎಂಬುದು, ಟೊಪ್ಪಿಗೆಯ ಬಣ್ಣ. ಪೆನ್ನಿನ ಕಾರ್ಟ್ರಿಜ್ಜಿನಿಂದ ಸಿರಿಂಜಿಗೆ ಮದ್ದು ಎಳೆಯುವ ಸಾಹಸ ಬೇಡ. ಪ್ರಮಾಣವನ್ನು ಬದಲಿಸಬೇಕೆಂದು ವೈದ್ಯರು ಹೇಳಿದಾಗಲೆಲ್ಲ ಬುಡ್ಡಿ ಮತ್ತು ಸಿರಿಂಜು ಎರಡನ್ನೂ ಅವರ ಮೇಜಿನ ಮೇಲಿಡುವುದರಿಂದ ಯಾರ ಘನತೆಗೂ ಕುಂದಿಲ್ಲ.

ಪರವೂರಿನ ಅಂಗಡಿಯಲ್ಲಿ ಇದಕ್ಕಿಂತ ಸುಲಭವಾದ ಉಪಾಯವಿದೆ. ಅಂಗಡಿಯಾತ ಮರಾಠಿಯವನಿರಲಿ, ತಮಿಳನಿರಲಿ, ತೆಲುಗನಿರಲಿ, ಖಾಲಿಯಾದ ಬುಡ್ಡಿಯನ್ನೂ ಊರಿನಿಂದ ತಂದ ಸಿರಿಂಜಿನ ಟೊಪ್ಪಿಗೆಯನ್ನೂ ಜೊತೆಯಾಗಿ ಅವನ ಗಲ್ಲೆಯ ಮೇಲಿಟ್ಟು, ಇಂಥದೇ ಬೇಕೆಂದು ಬೆರಳಿಟ್ಟು ತೋರಿಸುವುದು.